ಗುಳಿಗಿ ತಪ್ಪಿದ ಸೋಮವಾರಗಳು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ಬರೆಯುವುದಕ್ಕೆ ತಾಯಿಯ ಒಪ್ಪಿಗೆಯನ್ನಷ್ಟೇ ಅಲ್ಲ, ವಿಷಯವನ್ನು ತಿಳಿಸಿ ಯುವಕನ ಒಪ್ಪಿಗೆಯನ್ನೂ ಪಡೆದಿದ್ದೇನೆ.)

ವಿಜಯಪುರ ನಗರದ ಅಂಚಿನ ಬಡಾವಣೆಯಲ್ಲಿ ವಾಸಿಸುವ 22 ವರ್ಷದ ಓಟಗಾರನೊಬ್ಬನನ್ನು ಶ್ರಾವಣ ಮಾಸದ ಕೊನೆಯಲ್ಲಿ ತಾಯಿ ಮತ್ತು ತರಬೇತುದಾರರು ನನ್ನಲ್ಲಿಗೆ ಕರೆತಂದರು. ಆತನಿಗೆ ಬೌದ್ಧಿಕ ಅಂಗವೈಕಲ್ಯವಿದೆ, ಬಾಲ್ಯದಿಂದ ಫಿಟ್ಸ್ ಕೂಡ ಇದೆ. ಔಷಧದಿಂದ ಬಹುಕಾಲ ಹತೋಟಿಯಲ್ಲಿದ್ದ ಫಿಟ್ಸ್ ಆ ತಿಂಗಳು ಮೈದಾನದಲ್ಲೇ ಎರಡು ಸಲ ಬಂದುದರಿಂದ ತರಬೇತುದಾರರು ಓಟವನ್ನು ನಿಲ್ಲಿಸಿದ್ದರು. ಮನೆಯಲ್ಲಿ ಗುಳಿಗೆಗಳನ್ನು ಎಣಿಸಿದಾಗ ಕೆಲವು ಉಳಿದಿದ್ದವು. ‘ಕದ್ದು ಬಿಡತಾನ್ರಿ ಅಕ್ಕೋರ, ಹಟ ಭಾಳ ಆಗೇತಿ’ ಎಂಬುದು ತಾಯಿಯ ದೂರಾಗಿತ್ತು. ಹಟ ಬಿಡಿಸುವುದಕ್ಕೆಂದೇ ಅವರು ಬಂದಿದ್ದರು.

ಏಕೆ ತೆಗೆದುಕೊಳ್ಳಲಿಲ್ಲ ಎಂದು ನಾನು ಆತನನ್ನು ಕೇಳಲಿಲ್ಲ. ಗದರಿಕೆಗೆ ಒಗ್ಗಿಹೋದವರಿಗೆ ಆ ಪ್ರಶ್ನೆ ಮತ್ತೊಂದು ಗದರಿಕೆಯಾಗಿಯೇ ಕೇಳಿಸುತ್ತದೆ. ಅದರ ಬದಲು ತಟ್ಟೆ, ನೀರಿನ ಲೋಟ, ಗುಳಿಗೆಯ ಪಟ್ಟಿ ಮತ್ತು ಹಾಸಿಗೆಯ ಚಿತ್ರಗಳನ್ನು ಮೇಜಿನ ಮೇಲಿಟ್ಟು, ರಾತ್ರಿ ಏನೇನು ಮಾಡುತ್ತೀ ತೋರಿಸು ಎಂದೆ. ತಟ್ಟೆ, ಗುಳಿಗೆ, ನೀರು, ಹಾಸಿಗೆ ಎಂದು ಆತ ತಪ್ಪಿಲ್ಲದೆ ಜೋಡಿಸಿದ. ಫಿಟ್ಸ್ ಬಂದ ಎರಡು ದಿನಗಳೂ ಮಂಗಳವಾರವೆಂದು ತರಬೇತುದಾರರು ಮೊದಲೇ ಹೇಳಿದ್ದರಿಂದ, ಸೋಮವಾರ ರಾತ್ರಿಯದನ್ನೂ ತೋರಿಸು ಎಂದೆ. ಆತ ತಟ್ಟೆಯನ್ನು ಬದಿಗೆ ಸರಿಸಿದ, ಗುಳಿಗೆಯನ್ನೂ ಸರಿಸಿದ. ‘ಊಟ ಇಲ್ರಿ. ಊಟ ಆದ ಮ್ಯಾಲ ಗುಳಿಗಿ’ ಎಂದ.

ಆ ಮನೆಯಲ್ಲಿ ಶ್ರಾವಣ ಸೋಮವಾರ ಒಪ್ಪತ್ತು: ಮಧ್ಯಾಹ್ನ ಪೂಜೆಯಾದ ಮೇಲೆ ಒಂದೇ ಊಟ, ರಾತ್ರಿ ಹಾಲು, ಬಾಳೆಹಣ್ಣು. ಆ ವರ್ಷ ಮೊದಲ ಬಾರಿಗೆ ಆತನೂ ತಾಯಿಯೊಂದಿಗೆ ಒಪ್ಪತ್ತು ಹಿಡಿದಿದ್ದ. ಊಟವಾದ ಮೇಲೆ ಗುಳಿಗೆ ಎಂದು ವರ್ಷಗಳಿಂದ ಕೇಳಿಸಿಕೊಂಡಿದ್ದ ಮಾತನ್ನು ಆತ ಅಕ್ಷರಶಃ ಪಾಲಿಸಿದ್ದ. ಊಟವಿಲ್ಲದ ದಿನ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಫಿಟ್ಸ್ ಇರುವವರಲ್ಲಿ ಗುಳಿಗೆ ತಪ್ಪುವುದು ಫಿಟ್ಸ್ ಮರುಕಳಿಸಲು ಬಹಳ ಸಾಮಾನ್ಯವಾದ ಕಾರಣ. ಹೀಗೆ ಹಟವೆಂದು ಹೆಸರಿಟ್ಟದ್ದು ನಿಜವಾಗಿ ವಿಧೇಯತೆಯಾಗಿತ್ತು, ಮತ್ತು ಕೊರತೆ ಇದ್ದದ್ದು ನಾವು ಕೊಟ್ಟ ಮಾಹಿತಿಯಲ್ಲಿ.

ಮೊದಲಿಗೆ ವೈದ್ಯರಿಗೆ ಪತ್ರ ಬರೆದು ನಡೆದದ್ದನ್ನು ವಿವರಿಸಿದೆ. ಗುಳಿಗೆಯನ್ನು ಊಟಕ್ಕಲ್ಲ, ಗಡಿಯಾರಕ್ಕೆ ಕಟ್ಟಬಹುದೇ ಎಂದು ಕೇಳಿದೆ. ಇದು ನಾನು ನಿರ್ಧರಿಸುವ ವಿಷಯವಲ್ಲ. ರಾತ್ರಿ 9 ಗಂಟೆಗೆ, ಊಟವಾಗಿರಲಿ ಬಿಡಲಿ, ತೆಗೆದುಕೊಳ್ಳಬಹುದೆಂದು ಅವರು ಉತ್ತರಿಸಿದರು. ಮುಂದಿನ ಭೇಟಿಯಲ್ಲಿ ತಾಯಿಗೆ ಹೇಳುವ ಮೊದಲು ಆತನಿಗೇ ಹೇಳಬೇಕೆಂದು ಕೋರಿಕೊಂಡಿದ್ದೆ, ಅವರು ಹಾಗೆಯೇ ಮಾಡಿದರು. ಆಗ ಆತ ಕೇಳಿದ ಮೊದಲ ಪ್ರಶ್ನೆ, ‘ನಾ ಓಡಬಹುದೇನ್ರಿ?’ ಎಂಬುದು. ತನ್ನ ಕಾಯಿಲೆಯ ಬಗ್ಗೆ ಆತನಿಗೆ ಬೇಕಾಗಿದ್ದ ಮಾಹಿತಿ ಅದೊಂದೇ ಆಗಿದ್ದರೂ, ಇಷ್ಟು ವರ್ಷ ಅದು ಆತನ ತಲೆಯ ಮೇಲಿಂದ ತಾಯಿಗೆ, ತರಬೇತುದಾರರಿಗೆ ಹೋಗುತ್ತಿತ್ತು. ಗುಳಿಗೆ ತಪ್ಪದಿದ್ದರೆ, ಪಕ್ಕದಲ್ಲಿ ತಿಳಿದವರೊಬ್ಬರು ಇದ್ದರೆ ಓಡಬಹುದು ಎಂದು ವೈದ್ಯರು ನೇರವಾಗಿ ಆತನಿಗೇ ಹೇಳಿದರು.

ಬಳಿಕ ಕಾರ್ಡ್ ಮಾಡಿದೆವು, ಆತನಿಗಾಗಿ ಅಲ್ಲ, ಆತನೊಂದಿಗೆ. ಪುಸ್ತಕದ ಚಿತ್ರಗಳನ್ನು ಬಿಟ್ಟು ಆತನ ಮನೆಯ ಗಡಿಯಾರ, ಆತನದೇ ಗುಳಿಗೆಯ ಪಟ್ಟಿ, ಆತನದೇ ಲೋಟದ ಫೋಟೊ ತೆಗೆದೆವು. ಒಂದು ಚಿತ್ರದ ಪಕ್ಕ ಒಂದೇ ಸಣ್ಣ ವಾಕ್ಯ, ದೊಡ್ಡ ಅಕ್ಷರ, ಮನೆಯಲ್ಲಿ ಆಡುವ ಮಾತು: ‘ರಾತ್ರಿ 9 ಗಂಟೆ ಆತು. ಒಂದು ಗುಳಿಗಿ ನುಂಗು.’ ಇನ್ನೊಂದರಲ್ಲಿ ‘ಒಪ್ಪತ್ತು ಇದ್ದರೂ ನುಂಗು’ ಎಂದು ಬರೆದು ಹಾಲು, ಬಾಳೆಹಣ್ಣಿನ ಫೋಟೊ ಅಂಟಿಸಿದೆವು. ಮಾಡಬೇಡ ಎಂಬ ವಾಕ್ಯಗಳನ್ನು ಆದಷ್ಟು ತಪ್ಪಿಸಿ, ಮಾಡಬೇಕಾದುದನ್ನೇ ಬರೆದೆವು. ಗೋಡೆಗೆ ಹಚ್ಚೋಣವೆಂದು ತಾಯಿ ಹೇಳಿದಾಗ ಆತ ಒಪ್ಪಲಿಲ್ಲ. ಬಂದವರೆಲ್ಲ ನೋಡುತ್ತಾರೆ ಎಂದ. ಕಪಾಟಿನ ಒಳಬಾಗಿಲಿಗೆ ಹಚ್ಚಲಾಯಿತು. ಆರೋಗ್ಯದ ಗೋಪ್ಯತೆ ಆತನಿಗೂ ಸಲ್ಲುವ ಹಕ್ಕೆಂಬುದನ್ನು ತಾಯಿಗೆ ತಿಳಿಸಿ ಹೇಳಬೇಕಾಯಿತು.

ತರಬೇತುದಾರರಿಗೆ ನಾನು ಒತ್ತಿ ಹೇಳಿದ್ದು, ‘ತಿಳೀತಾ?’ ಎಂದು ಕೇಳುವುದನ್ನು ಬಿಡಿ ಎಂದು. ಬೌದ್ಧಿಕ ಅಂಗವೈಕಲ್ಯವಿರುವ ಅನೇಕರು ಎದುರಿನವರನ್ನು ಮೆಚ್ಚಿಸಲು, ಇಲ್ಲವೇ ಮಾತು ಬೇಗ ಮುಗಿಯಲೆಂದು ‘ಹೂಂ’ ಎನ್ನುತ್ತಾರೆ. ಆ ಹೂಂಕಾರವನ್ನು ನಂಬಿ ಎಷ್ಟೋ ಸೂಚನೆಗಳು ತಲುಪಿವೆಯೆಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಹೇಳಿದ್ದನ್ನು ಮಾಡಿ ತೋರಿಸಲು ಕೇಳಬೇಕು. ಒಂದು ವಾರ ಬಿಟ್ಟು, ಎಂದಿನ ದಿನಚರಿ ತಪ್ಪುವ ಸಂದರ್ಭವನ್ನಿಟ್ಟು ಮತ್ತೆ ಕೇಳಬೇಕು: ಜಾತ್ರೆಗೆ ಹೋದಾಗ, ಕ್ರೀಡಾಕೂಟದ ಬಸ್ಸಿನಲ್ಲಿದ್ದಾಗ, ರಾತ್ರಿ ಬೇಗ ನಿದ್ದೆ ಬಂದಾಗ. ಈ ಪ್ರಕರಣದಲ್ಲಿ ಮಾಹಿತಿ ಸೋತದ್ದು ಅಂಥ ದಿನದಲ್ಲಿಯೇ.

ಜೊತೆಯ ಓಟಗಾರರಿಗೂ ಫಿಟ್ಸ್ ಬಂದಾಗ ಏನು ಮಾಡಬೇಕೆಂದು ಚಿತ್ರಗಳ ಮೂಲಕ ಕಲಿಸಿದೆವು. ಒಬ್ಬರು ಸಮಯ ನೋಡುವುದು, ಒಬ್ಬರು ತಲೆಯ ಕೆಳಗೆ ಮೆತ್ತನೆಯದನ್ನಿಡುವುದು, ಜಗ್ಗಾಟ ನಿಂತ ಮೇಲೆ ಮಗ್ಗುಲಿಗೆ ಹೊರಳಿಸುವುದು, 5 ನಿಮಿಷ ಮೀರಿದರೆ 108ಕ್ಕೆ ಕರೆ. ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ನಮ್ಮ ಕಡೆ ಇನ್ನೂ ಇದೆ. ಕಬ್ಬಿಣದಿಂದ ಉಪಯೋಗವಿಲ್ಲ, ಚಮಚದಿಂದ ಹಲ್ಲು ಮುರಿಯಬಹುದು, ಉಸಿರೂ ಕಟ್ಟಬಹುದು. ಇದನ್ನು ಆ ಹುಡುಗರು ಬೇಗ ಕಲಿತರು, ಮನೆಯ ಹಿರಿಯರಿಗೂ ತಾವೇ ಹೇಳಿದರು.

ಬೌದ್ಧಿಕ ಅಂಗವೈಕಲ್ಯವಿರುವವರಿಗಾಗಿ ಕ್ರೀಡೆಗಳನ್ನು ನಡೆಸುವ ಸ್ಪೆಷಲ್ ಒಲಿಂಪಿಕ್ಸ್ ಸಂಸ್ಥೆ 1997ರಿಂದ ‘ಹೆಲ್ದಿ ಅಥ್ಲೀಟ್ಸ್’ ಹೆಸರಿನಲ್ಲಿ ಇಂಥ ಕ್ರೀಡಾಪಟುಗಳ ಕಣ್ಣು, ಕಿವಿ, ಹಲ್ಲು, ಪಾದಗಳ ತಪಾಸಣೆ ನಡೆಸುತ್ತಿದೆ. ತಪಾಸಣೆಯಲ್ಲಿ ಕಂಡದ್ದು ಯಾವುದೇ ಇರಲಿ, ಅದನ್ನು ಬರೆದ ಹಾಳೆ ತರಬೇತುದಾರರ ಕಡತದಲ್ಲೇ ಉಳಿದರೆ ಕ್ರೀಡಾಪಟುವಿಗೆ ಅರ್ಧ ಪ್ರಯೋಜನವೂ ಸಿಗುವುದಿಲ್ಲ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ಸಂವಹನದ ವ್ಯಾಖ್ಯೆಯಲ್ಲೇ ಸರಳ ಭಾಷೆಯನ್ನು ಸೇರಿಸಿದೆ. ಹಾಗಾಗಿ ಅರ್ಥವಾಗುವಂತೆ ಹೇಳಿ ಎಂದು ಆಸ್ಪತ್ರೆಯಲ್ಲಿ ಕೇಳುವುದಕ್ಕೆ ಸಂಕೋಚ ಬೇಡವೆಂದು ತಾಯಿಗೆ ಹೇಳಿದೆ.

ಆತ ಈಗ ಮತ್ತೆ ಓಡುತ್ತಿದ್ದಾನೆ. ಮನೆಯ ಫೋನಿನಲ್ಲಿ 9 ಗಂಟೆಯ ಅಲಾರಂ ಇದೆ, ವಾರದ 7 ಖಾನೆಗಳ ಗುಳಿಗೆ ಡಬ್ಬಿಯನ್ನು ಭಾನುವಾರ ತಾಯಿ ಮತ್ತು ಮಗ ಕೂಡಿ ತುಂಬುತ್ತಾರೆ. ಔಷಧ ಅಂಗಡಿಯಲ್ಲಿ ಬೇರೆ ಕಂಪನಿಯ ಪಟ್ಟಿ ಕೊಟ್ಟರೆ ವೈದ್ಯರನ್ನು ಕೇಳದೆ ತರಬಾರದು. ವೈದ್ಯರೇ ಬದಲಿಸಿದರೆ ಅದೇ ದಿನ ಕಾರ್ಡಿನ ಫೋಟೊವನ್ನೂ ಬದಲಿಸಬೇಕು. ಶಿವರಾತ್ರಿಯ ಜಾಗರಣೆಯ ವಿಷಯ ಇನ್ನೂ ಬಾಕಿಯಿದೆ. ನಿದ್ದೆಗೆಟ್ಟರೂ ಫಿಟ್ಸ್ ಬರಬಹುದಾದ್ದರಿಂದ, ಆ ರಾತ್ರಿ ಎಷ್ಟು ಹೊತ್ತು ಎಚ್ಚರವಿರಬಹುದೆಂದು ಮುಂದಿನ ಭೇಟಿಯಲ್ಲಿ ಆತನೇ ವೈದ್ಯರನ್ನು ಕೇಳಲಿದ್ದಾನೆ. ಅದಕ್ಕೆ ಬೇಕಾದ ಪ್ರಶ್ನೆಯ ಕಾರ್ಡನ್ನು ನಾವಿಬ್ಬರೂ ತಯಾರಿಸುತ್ತಿದ್ದೇವೆ.