ಆ ಚಿತ್ರದಲ್ಲಿ ನಿಮ್ಮ ಕಣ್ಣು ಎಲ್ಲಿ ನಿಂತಿತು?

ಕುಂಬಳೆಯ ಗೆಳೆಯರಿಗೆ ನಮಸ್ಕಾರ.

ನಿಮ್ಮ ‘ಹಳೆಯ ಚಿತ್ರವೇ ಚಿತ್ರ’ ಲೇಖನ ಓದಿ ಮುಗಿಸಿದಾಗ ರಾತ್ರಿ ಹನ್ನೊಂದು ದಾಟಿತ್ತು. ಆಮೇಲೆ ತುಂಬ ಹೊತ್ತು ನಿದ್ದೆ ಬರಲಿಲ್ಲ. ಸಿಟ್ಟು ಬಂದಿತ್ತು. ಏನೂ ಇಲ್ಲದ ಬರಹವಾಗಿದ್ದರೆ ಎರಡು ಸಾಲು ಬರೆದು ವಾಪಸ್ ಕಳಿಸಿ ಮಲಗುತ್ತಿದ್ದೆ. ಇದು ಹಾಗಲ್ಲ. ಅದಕ್ಕೇ ಇಷ್ಟು ಉದ್ದದ ಉತ್ತರ. ನಿಮ್ಮ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಇಲ್ಲೇ ಅಚ್ಚು ಹಾಕುತ್ತಿದ್ದೇನೆ. ಬರೆಯುವ ಬೇರೆಯವರಿಗೂ ಉಪಯೋಗವಾಗಲಿ ಎಂದು.

ಉಳಿದ ಓದುಗರಿಗೆ ಲೇಖನದ ವಿಷಯ ಹೇಳಿಬಿಡುತ್ತೇನೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಒಂದು ಆಟ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ಹೊರತಂದದ್ದು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಕತ್ತಿ ಬೀಸಿದರೆ ತಾಗಿತೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ. ಕಾಣಿಸುವುದಕ್ಕೆ ರಂಗಸ್ಥಳ ಇಲ್ಲ, ವೇಷ ಇಲ್ಲ. ಆಟದ ನಿಯಮ ಹೇಳುವ ಕೈಪಿಡಿಗಳಲ್ಲಿರುವ ಚಿತ್ರಗಳೇ ಎಲ್ಲ. ಆ ಚಿತ್ರಗಳ ಬಗ್ಗೆ ಆಡುವವರಲ್ಲಿ ದೊಡ್ಡ ಜಗಳವಿದೆ. 70ರ ದಶಕದ ಶಾಯಿಗೆರೆ ಕೆಲವರಿಗೆ ಇಷ್ಟ, 80ರ ದಶಕದ ಎಣ್ಣೆಬಣ್ಣ ಕೆಲವರಿಗೆ, ಈಗ ಕಂಪ್ಯೂಟರಿನಲ್ಲಿ ಬರೆಯುವ ಚಿತ್ರ ಇನ್ನು ಕೆಲವರಿಗೆ. ನೀವು ಹಳೆಯದರ ಕಡೆ.

ಮೆಚ್ಚಿದ್ದನ್ನು ಮೊದಲು ಹೇಳುತ್ತೇನೆ. ವಿಷಯ ಹೊಸದು. ಕನ್ನಡ ಸರಳವಾಗಿದೆ, ಕಾಗುಣಿತದ ತಪ್ಪು ಕಡಿಮೆ. ಭಾನುವಾರ ಮಧ್ಯಾಹ್ನ ಮಹಡಿಯ ಕೋಣೆಯಲ್ಲಿ ಐದು ಜನ ಕೂತು, ಮಳೆಯ ಸದ್ದಿನ ನಡುವೆ ಸ್ಟೀಲಿನ ಬಟ್ಟಲಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸುವ ಸಾಲು ಚೆನ್ನಾಗಿದೆ. ಆ ಸದ್ದು ನನಗೆ ಕೇಳಿಸಿತು.

ಅಲ್ಲಿಂದ ಮುಂದೆ ನನಗೆ ಏನೂ ಕೇಳಿಸಲಿಲ್ಲ, ಕಾಣಿಸಲೂ ಇಲ್ಲ. ಅದೇ ನನ್ನ ದೂರು.

ನಿಮ್ಮ ಸಾಲು: “ಹಳೆಯ ಚಿತ್ರಗಳಲ್ಲಿ ಆತ್ಮವಿತ್ತು, ಹೊಸ ಚಿತ್ರಗಳಲ್ಲಿ ಆತ್ಮವಿಲ್ಲ.” ‘ಆತ್ಮ’ ಎಂಬ ಪದ ನಿಮ್ಮ ಆರು ಪುಟಗಳಲ್ಲಿ ಒಂಬತ್ತು ಸಲ ಬಂದಿದೆ. ಪ್ರತಿ ಸಲವೂ ಅಲ್ಲಿ ಒಂದು ಚಿತ್ರ ಇರಬೇಕಿತ್ತು. ಚಿತ್ರದ ಯಾವ ಮೂಲೆಯಲ್ಲಿ ಏನು ಕಂಡು ನಿಮಗೆ ಹಾಗೆ ಅನ್ನಿಸಿತೋ ಅದನ್ನು ಬರೆಯಬೇಕಾದ ಜಾಗದಲ್ಲೆಲ್ಲ ಈ ಪದ ಕೂತಿದೆ. ಒಂಬತ್ತನ್ನೂ ಹೊಡೆದುಹಾಕಿ, ಪ್ರತಿ ಜಾಗದಲ್ಲೂ ಕಂಡದ್ದೊಂದನ್ನು ಬರೆಯಿರಿ.

ಮುಂದಿನ ಸಾಲು: “1978ರ ಆಟಗಾರರ ಕೈಪಿಡಿಯ ಕಪ್ಪು-ಬಿಳುಪು ಮುಖಪುಟ ನೋಡಿದರೆ ಈಗಲೂ ಮೈ ಜುಂ ಎನ್ನುತ್ತದೆ.” ಅಕ್ಕನ ಮಗ ಮಂಗಳೂರಿನಲ್ಲಿ ಇದೇ ಆಟ ಆಡುತ್ತಾನೆ. ಅವನನ್ನು ಕರೆಸಿ, ನೀವು ಹೆಸರಿಸಿದ ಚಿತ್ರಗಳನ್ನೆಲ್ಲ ಹುಡುಕಿಸಿ ನೋಡಿದೆ. ಮಾರಾಯ್ರೇ, ಆ ಮುಖಪುಟ ಬಣ್ಣದ್ದು! ಒಳಗಿನ ಚಿತ್ರಗಳು ಕಪ್ಪು-ಬಿಳುಪು. ಅಷ್ಟು ಪ್ರೀತಿಸುವ ಚಿತ್ರಕ್ಕೆ ಬಣ್ಣ ಇದೆಯೋ ಇಲ್ಲವೋ ಎಂಬುದು ನೆನಪಿಲ್ಲ ಎಂದರೆ, ಬರೆಯುವಾಗ ಅದನ್ನು ಒಮ್ಮೆಯೂ ತೆರೆದು ನೋಡಿಲ್ಲ ಎಂದಾಯಿತು.

ನಾನು ಅರ್ಧ ಗಂಟೆ ನೋಡಿದೆ. ಡೇವಿಡ್ ಟ್ರ್ಯಾಂಪಿಯರ್ ಬರೆದದ್ದು. ದೊಡ್ಡದೊಂದು ರಾಕ್ಷಸ ವಿಗ್ರಹ ಕೂತಿದೆ. ಇಬ್ಬರು ಕಳ್ಳರು ಅದರ ಮೇಲೆ ಹತ್ತಿ ಕಣ್ಣಿನ ರತ್ನ ಕೀಳುತ್ತಿದ್ದಾರೆ. ಕೆಳಗೆ ಹಲ್ಲಿಮೋರೆಯ ಜೀವಿಗಳು ಸತ್ತು ಬಿದ್ದಿವೆ. ಒಬ್ಬ ಕತ್ತಿ ಒರೆಸುತ್ತಿದ್ದಾನೆ. ಕೆಲವರು ನಕ್ಷೆ ನೋಡಿ ಮಾತಾಡುತ್ತಿದ್ದಾರೆ. ನನ್ನ ಕಣ್ಣು ನಿಂತದ್ದು ಆ ಕತ್ತಿ ಒರೆಸುವವನ ಹತ್ತಿರ. ಯುದ್ಧ ಮುಗಿದಿದೆ. ಆಟದ ಪುಸ್ತಕದ ಮುಖಪುಟದಲ್ಲಿ ಯಾರೂ ಹೊಡೆದಾಡುತ್ತಿಲ್ಲ! ಎಲ್ಲರೂ ಅವರವರ ಕೆಲಸದಲ್ಲಿದ್ದಾರೆ. ಕಣ್ಣು ಕಿತ್ತ ಮೇಲೆ ವಿಗ್ರಹ ಸುಮ್ನೆ ಕೂತಿರುತ್ತದೆಯೇ? ಅದನ್ನು ಚಿತ್ರ ಹೇಳುವುದಿಲ್ಲ. ಮೇಜಿನ ಸುತ್ತ ಕೂತವರು ಆಡಿ ನೋಡಬೇಕು. ನಿಮ್ಮ ಮೈ ಜುಂ ಎಂದದ್ದು ಇದಕ್ಕೇ ಇರಬಹುದು. ಆದರೆ ಅದನ್ನು ಬರೆಯಬೇಕಾದವರು ನೀವು.

ಇಲ್ಲಿ ನನ್ನದೊಂದು ಹಳೆಯ ಸಂಗತಿ ಹೇಳಲೇಬೇಕು.

1987ರಲ್ಲಿ ನಾನು ಕಾಸರಗೋಡಿನ ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಸಂಪಾದಕರು ನಿವೃತ್ತ ಮಾಷ್ಟ್ರು. ಇನ್ನೂ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ಮಧೂರಿನ ಹತ್ತಿರ ಒಂದು ಯಕ್ಷಗಾನ ಬಯಲಾಟ, ದೇವಿ ಮಹಾತ್ಮೆ. ನೋಡಿ ಬಂದು ಬರೆದೆ: “ಮಹಿಷಾಸುರನ ಬಣ್ಣದ ವೇಷ ಅದ್ಭುತವಾಗಿ ಮೂಡಿಬಂತು.” ಮಾಷ್ಟ್ರು ಓದಿ ಕನ್ನಡಕ ತೆಗೆದರು. “ನೀನು ಆಟ ನೋಡಿದ್ದೋ, ಮಲಗಿದ್ದೋ?” ಅಂದರು. ನೋಡಿದೆ ಅಂದೆ. “ಹಾಗಾದರೆ ಅವನ ಮೂಗಿನ ಮೇಲೆ ಏನಿತ್ತು ಹೇಳು.” ನನಗೆ ಗೊತ್ತಿರಲಿಲ್ಲ.

ಮುಂದಿನ ಆಟಕ್ಕೆ ನನ್ನನ್ನು ರಂಗಸ್ಥಳದ ಮುಂದೆ ಕೂರಲು ಬಿಡಲಿಲ್ಲ, ವೇಷ ಕಟ್ಟುವ ಚೌಕಿಗೆ ಕಳಿಸಿದರು. ನೋಡುವುದು, ಬರೆಯಬಾರದು ಅಂತ ಅಪ್ಪಣೆ. ವೇಷಧಾರಿ ಚಾಪೆಯ ಮೇಲೆ ಕೂತು, ಕೈಗನ್ನಡಿ ಮುಂದಿಟ್ಟುಕೊಂಡು ಚುಟ್ಟಿ ಇಡುತ್ತಿದ್ದರು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಹಿಟ್ಟು. ಕಡ್ಡಿಯ ತುದಿಯಲ್ಲಿ ಚೂರು ತೆಗೆದು ಮುಖದ ಮೇಲೆ ಒಂದು ಚುಕ್ಕೆ. ಅದರ ಪಕ್ಕ ಇನ್ನೊಂದು. ಒಣಗಿದ ಮೇಲೆ ಅದೇ ಚುಕ್ಕೆಯ ಮೇಲೆ ಮತ್ತೊಂದು. ಹಾಗೆ ಮುಳ್ಳು ಎದ್ದು ಬರುತ್ತದೆ. ಗಂಟೆಗಟ್ಟಲೆ ಅವರು ಮಾತಾಡಲಿಲ್ಲ, ನಗಲಿಲ್ಲ. ನಕ್ಕರೆ ಕೆನ್ನೆಯ ಚುಟ್ಟಿ ಬಿರಿಯುತ್ತದೆ. ಬೆಳಗಿನ ಜಾವದ ಹೊತ್ತಿಗೆ ನನ್ನ ಎದುರು ಇದ್ದ ಮನುಷ್ಯ ಕಾಣೆಯಾಗಿದ್ದರು. ಆಮೇಲೆ ದೊಂದಿಯ ಬೆಳಕಿನಲ್ಲಿ ಅವರು ಜನರ ಹಿಂದಿನಿಂದ ಆರ್ಭಟಿಸುತ್ತಾ ಬಂದಾಗ, ಎಲ್ಲವನ್ನೂ ಹತ್ತಿರದಿಂದ ನೋಡಿದ್ದ ನಾನೇ ಎದ್ದು ಎರಡು ಹೆಜ್ಜೆ ಹಿಂದೆ ಸರಿದೆ.

ಆ ವಾರ ನಾನು ಬರೆದ ವಿಮರ್ಶೆಯಲ್ಲಿ ‘ಅದ್ಭುತ’ ಇರಲಿಲ್ಲ. ಮಾಷ್ಟ್ರು ಏನೂ ಹೇಳದೆ ಅಚ್ಚಿಗೆ ಕೊಟ್ಟರು.

ನಿಮ್ಮ ಲೇಖನ ಓದುವಾಗ ಈ ಚುಟ್ಟಿ ನೆನಪಾದದ್ದಕ್ಕೆ ಇನ್ನೊಂದು ಕಾರಣವಿದೆ. ಬಣ್ಣದ ವೇಷ ನಿಜವಾದ ರಾಕ್ಷಸನ ಹಾಗೆ ಕಾಣಲು ಹೋಗುವುದೇ ಇಲ್ಲ. ಚರ್ಮ ಮುಚ್ಚಿಹೋಗುತ್ತದೆ. ಉಳಿಯುವುದು ಚುಕ್ಕೆ, ಗೆರೆ, ಬಣ್ಣ. ಭಯ ಅದರಿಂದಲೇ ಹುಟ್ಟುತ್ತದೆ. ನೀವು ಮೆಚ್ಚುವ ಶಾಯಿಗೆರೆಯ ಚಿತ್ರಗಳೂ ಹಾಗೇ. ಅದೇ ಕೈಪಿಡಿಯ ಒಳಗೆ ಡೇವಿಡ್ ಸದರ್ಲೆಂಡ್ ಬರೆದ ಚಿತ್ರವೊಂದಿದೆ, ನರಕದಲ್ಲಿ ಒಬ್ಬನೇ ಪಿಶಾಚಿಗಳ ಜತೆ ಹೋರಾಡುವ ಧರ್ಮಯೋಧನದ್ದು. ಕಪ್ಪು ಗೆರೆ ಬಿಟ್ಟರೆ ಬೇರೇನಿಲ್ಲ. 80ರ ದಶಕದಲ್ಲಿ ಎಣ್ಣೆಬಣ್ಣದಲ್ಲಿ ಬರೆದ ಲ್ಯಾರಿ ಎಲ್ಮೋರ್ ದಾರಿ ಬೇರೆ. ಅವರ ಚಿತ್ರದಲ್ಲಿ ತೊಗಲು ತೊಗಲಿನ ಹಾಗೆ, ಕಬ್ಬಿಣ ಕಬ್ಬಿಣದ ಹಾಗೆ ಕಾಣುತ್ತದೆ. ಕೈಯಿಟ್ಟರೆ ತಣ್ಣಗೆ ತಾಗೀತು ಅನ್ನಿಸುತ್ತದೆ. ಇದನ್ನು ಹೇಳಿ, ಆಮೇಲೆ “ನನಗೆ ಮೊದಲನೆಯದೇ ಇಷ್ಟ” ಎಂದು ಬರೆಯಿರಿ. ಯಾರು ಬೇಡ ಅಂತಾರೆ?

ನೀವು ಬರೆದದ್ದು: “1983ರಲ್ಲಿ ಎಲ್ಮೋರ್ ಕೆಂಪು ಪೆಟ್ಟಿಗೆಯ ಮೇಲೆ ಡ್ರ್ಯಾಗನ್ ಬರೆದ. ಅಲ್ಲಿಂದ ಮುಂದೆ ಬಂದದ್ದೆಲ್ಲ ಕ್ಯಾಲೆಂಡರ್ ಚಿತ್ರ.” (ಆಟ ಮಾರಾಟಕ್ಕೆ ಬಂದ ಪೆಟ್ಟಿಗೆ ಅದು.) ಕ್ಯಾಲೆಂಡರ್ ಎಂಬುದನ್ನು ಬೈಗುಳವಾಗಿ ಬಳಸಿದ್ದೀರಿ. ನನ್ನ ಅಮ್ಮ ಹಳೆಯ ಕ್ಯಾಲೆಂಡರಿನ ಸರಸ್ವತಿಯನ್ನು ಕತ್ತರಿಸಿ, ಕಟ್ಟು ಹಾಕಿಸಿ, ಸಾಯುವ ತನಕ ಅದಕ್ಕೇ ದೀಪ ಇಟ್ಟರು. ಆ ಪದವನ್ನು ಅಷ್ಟು ಹಗುರವಾಗಿ ಎಸೆಯಬೇಡಿ. ಆ ಮಾತು ಒತ್ತಟ್ಟಿಗಿರಲಿ. 1989ರ ಕೈಪಿಡಿಯಲ್ಲಿ ಇದೇ ಎಲ್ಮೋರ್ ಚಿತ್ರವೊಂದಿದೆ. ಒಂದು ತಂಡ ಡ್ರ್ಯಾಗನ್ ಕೊಂದು, ಮರಕ್ಕೆ ತೂಗುಹಾಕಿ, ಫೋಟೋ ತೆಗೆಸಿಕೊಳ್ಳುವವರ ಹಾಗೆ ಹೆಮ್ಮೆಯಿಂದ ನಿಂತಿದೆ. ಡ್ರ್ಯಾಗನ್ ತೀರಾ ಸಣ್ಣದು. ಇದನ್ನು ಟ್ರ್ಯಾಂಪಿಯರ್ ಮುಖಪುಟದ ಪಕ್ಕ ಇಟ್ಟು ನೋಡಿ. ಅಲ್ಲೂ ಹೊಡೆದಾಟ ಮುಗಿದಿದೆ, ಇಲ್ಲೂ ಮುಗಿದಿದೆ. ಅಲ್ಲಿ ಯಾರೂ ನಮ್ಮ ಕಡೆ ನೋಡುವುದಿಲ್ಲ. ಇಲ್ಲಿ ನಮಗಾಗಿಯೇ ನಿಂತಿದ್ದಾರೆ. ನಿಮ್ಮ ಲೇಖನ ಹುಟ್ಟಬೇಕಾದ್ದು ಈ ಎರಡು ಚಿತ್ರಗಳ ನಡುವೆ. ಆದರೆ ಎರಡನೆಯದನ್ನು ನೀವು ನೋಡಿಯೇ ಇಲ್ಲ.

ಇನ್ನು ಟ್ರ್ಯಾಂಪಿಯರ್ ಚಿತ್ರ ಬಿಟ್ಟು ಟ್ಯಾಕ್ಸಿ ಓಡಿಸಿದ್ದು, 2014ರಲ್ಲಿ ತೀರಿಕೊಂಡದ್ದು. ಒಂದೂವರೆ ಪುಟ ಬರೆದಿದ್ದೀರಿ. ಓದಿ ನನ್ನ ಕಣ್ಣೂ ಒದ್ದೆಯಾಯಿತು. ಆದರೆ “ಅದಕ್ಕೇ ಅವನ ಚಿತ್ರ ದೊಡ್ಡದು” ಎಂದು ಮುಗಿಸಿದ್ದು ತಪ್ಪು. ಆ ಮುಖಪುಟ ಬರೆದಾಗ ಅವರಿನ್ನೂ ಟ್ಯಾಕ್ಸಿ ಹತ್ತಿರಲಿಲ್ಲ. ಕರುಣೆಯನ್ನು ಸಾಕ್ಷಿಯಾಗಿ ತರಬೇಡಿ. ಆ ಒಂದೂವರೆ ಪುಟವನ್ನು ಪೂರ್ತಿ ತೆಗೆಯಿರಿ.

ಕೊನೆಗೆ, ನನ್ನ ನಿದ್ದೆ ಕೆಡಿಸಿದ ಸಾಲಿಗೆ ಬರುತ್ತೇನೆ. ಐದನೇ ಪುಟ. ನಿಮ್ಮ ಜತೆ ಆಡುವ ಹುಡುಗಿ 2014ರ ಕೈಪಿಡಿ ತೆರೆದು, ಪಾತ್ರಕ್ಕೆ ಆರಿಸಿಕೊಳ್ಳುವ ಕುಲಗಳಲ್ಲಿ ಮನುಷ್ಯ ಕುಲದ ಪುಟದಲ್ಲಿರುವ ಚಿತ್ರ ತೋರಿಸಿ, “ಇದು ನಾನೇ” ಅನ್ನುತ್ತಾಳೆ. ನೀವು ಬರೆಯುತ್ತೀರಿ: “ಅವಳಿಗೆ ಕಲೆಯ ಗಂಧವೇ ಇಲ್ಲ.” ಪೂರ್ಣವಿರಾಮ. ಮುಂದಿನ ಪ್ಯಾರಾದಲ್ಲಿ ಮತ್ತೆ ಆತ್ಮ.

ಆ ಪುಟವನ್ನೂ ತೆಗೆಸಿ ನೋಡಿದೆ. ಅಲ್ಲಿರುವುದು ಕಪ್ಪು ಮೈಬಣ್ಣದ ಒಬ್ಬ ಹೆಣ್ಣು. ಮನುಷ್ಯ ಎಂದರೆ ಹೇಗಿರುತ್ತಾನೆ ಎಂದು ತೋರಿಸಲು ಇಡೀ ಪುಸ್ತಕದಲ್ಲಿ ಆರಿಸಿದ ಚಿತ್ರ ಅದು. ನೀವು ಮೆಚ್ಚುವ ಹಳೆಯ ಪುಸ್ತಕಗಳನ್ನೂ ತಿರುವಿ ಹಾಕಿದೆ. ಕತ್ತಿ ಒರೆಸುವವನು, ನಕ್ಷೆ ನೋಡುವವರು, ನರಕದ ಯೋಧ. ಅಲ್ಲಿ ನಿಮ್ಮ ಗೆಳತಿ ಯಾರ ಮೇಲೆ ಬೆರಳಿಟ್ಟು “ಇದು ನಾನೇ” ಅನ್ನಬೇಕಿತ್ತು?

ನಿಮಗೆ ಚಿತ್ರದಲ್ಲಿ ಹೊಕ್ಕು ನೋಡಲು ಒಂದು ಜಾಗ ಬೇಕು. ಆ ವಿಗ್ರಹದ ಕೋಣೆಯ ಹಾಗೆ. ಅವಳಿಗೆ ಆ ಕೋಣೆಗೆ ಹೋಗುವ ಮೊದಲು ತಾನು ಯಾರು ಎಂದು ತಿಳಿಯಬೇಕು. ಇಬ್ಬರೂ ಆಡುವುದು ಒಂದೇ ಆಟ, ಒಂದೇ ಬಟ್ಟಲಿನ ದಾಳ. ಅವಳ ಮಾತು ನಿಮ್ಮ ಲೇಖನದ ಅತ್ಯಂತ ಜೀವಂತ ಮಾತು. ಅದನ್ನು ಒಂದು ಸಾಲಿನಲ್ಲಿ ಹೊಸಕಿ ಹಾಕಿದಿರಿ. ಅವಳ ರುಚಿ ನಿಮ್ಮದಲ್ಲದೆ ಇರಬಹುದು. ಆದರೆ ಅವಳು ಚಿತ್ರ ನೋಡಿದ್ದಾಳೆ, ಬೆರಳಿಟ್ಟು ತೋರಿಸಿದ್ದಾಳೆ. ನಿಮ್ಮ ಆರು ಪುಟಗಳಲ್ಲಿ ಹಾಗೆ ತೋರಿಸಿದವಳು ಅವಳೊಬ್ಬಳೇ.

ಲೇಖನ ವಾಪಸ್ ಕಳಿಸುತ್ತಿದ್ದೇನೆ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ, ಓದಲು ಕಷ್ಟವಾದರೆ ಫೋನ್ ಮಾಡಿ. ಬರುವ ಭಾನುವಾರ ಆಟಕ್ಕೆ ಕೂರುವ ಮೊದಲು 1978ರ ಕೈಪಿಡಿ, 2014ರ ಕೈಪಿಡಿ ಎರಡನ್ನೂ ಮೇಜಿನ ಮೇಲಿಡಿ. ಅವಳು ಮಾತಾಡಲಿ, ನೀವು ನಡುವೆ ಬಾಯಿ ಹಾಕಬೇಡಿ. ಆಮೇಲೆ ನೀವು ಬೆರಳಿಟ್ಟು ತೋರಿಸಿ. ಮನೆಗೆ ಹೋಗಿ ಅದೇ ರಾತ್ರಿ ಬರೆಯಿರಿ. ಮೂರು ಪುಟ ಸಾಕು. ತಿಂಗಳ 20ರ ಒಳಗೆ ತಲುಪಿದರೆ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.