ಸಂಪಾದಕರ ಉತ್ತರ: ನಜ್ವಾಳ ನಮಾಜು, ಕಮಲಾಳ ಮುಖ

ಪ್ರಿಯ ಓದುಗರೇ,

ಇಂದಿನ ಕಾದಂಬರಿ ಮತ್ತು ಸಿನಿಮಾಗಳ ಮುಸ್ಲಿಂ ಪಾತ್ರಗಳ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ನೀವು ಪ್ರತಿಕ್ರಿಯಿಸಿದ್ದೀರಿ. ಒಂದು ಕಾಲದಲ್ಲಿ ಭಯೋತ್ಪಾದಕನಾಗಿಯೇ ಕಾಣಿಸುತ್ತಿದ್ದವರು ಈಗ ಸೂಪರ್‌ಹೀರೋಗಳೂ ಆಗಿದ್ದಾರೆ, ಇನ್ನೂ ದೂರೇಕೆ ಎಂದು ಕೇಳಿದ್ದೀರಿ. ಮನುಷ್ಯರ ಕಥೆ ಹೇಳುವುದಕ್ಕೆ ಧರ್ಮವನ್ನು ಏಕೆ ಎಳೆದು ತರಬೇಕು ಎಂದೂ ಕೇಳಿದ್ದೀರಿ.

ಮೊದಲನೆಯದಕ್ಕೆ ಉತ್ತರ ಸುಲಭ. 2017ರಿಂದ 2019ರವರೆಗೆ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳ ಜನಪ್ರಿಯ ಚಿತ್ರಗಳಲ್ಲಿ 200ನ್ನು ಆರಿಸಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿದರು. ಮಾತನಾಡುವ ಪಾತ್ರಗಳಲ್ಲಿ ಮುಸ್ಲಿಮರು ಶೇ 1.6 ಮಾತ್ರ.

ಎರಡನೆಯ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡಿತು. ಅದರ ಹಿಂದೆ ನಮಗೆಲ್ಲ ರೂಢಿಯಾಗಿಬಿಟ್ಟಿರುವ ಒಂದು ಕಥೆಯ ಜಾಡಿದೆ. ಹುಡುಗಿ ಕಟ್ಟುನಿಟ್ಟಾದ ಮನೆಯಲ್ಲಿ ಬೆಳೆಯುತ್ತಾಳೆ, ದೊಡ್ಡ ನಗರಕ್ಕೆ ಹೋಗುತ್ತಾಳೆ, ಹಿಜಾಬ್ ತೆಗೆಯುತ್ತಾಳೆ, ಬಿಡುಗಡೆ ಪಡೆಯುತ್ತಾಳೆ. ಅಂಥ ಬದುಕುಗಳಿವೆ, ಅವುಗಳ ಕಥೆಗಳೂ ಬೇಕು. ಆದರೆ ಅದೊಂದೇ ಜಾಡು ಉಳಿದರೆ, ನಂಬಿಕೆಯುಳ್ಳವರು ಇನ್ನೂ ಮನುಷ್ಯರಾಗುವ ಹಾದಿಯಲ್ಲಷ್ಟೇ ಇದ್ದಾರೆ ಎಂದು ಹೇಳಿದಂತಾಗುತ್ತದೆ. ಇದನ್ನು ನಾನು ಒಪ್ಪಲಾರೆ.

ಸುಡಾನ್ ಮೂಲದ ಲೈಲಾ ಅಬುಲೇಲಾ 2005ರಲ್ಲಿ ಪ್ರಕಟಿಸಿದ ‘ಮಿನರೆಟ್’ ಕಾದಂಬರಿಯನ್ನು ದಯವಿಟ್ಟು ಓದಿ. ನಾಯಕಿ ನಜ್ವಾ ಖಾರ್ಟೂಮಿನ ಸಿರಿವಂತರ ಮನೆಯ ಹುಡುಗಿ. ಪಾರ್ಟಿ, ಪಾಶ್ಚಾತ್ಯ ಉಡುಪು ಎಲ್ಲವೂ ಅವಳಿಗೆ ಸಹಜ. ಸರ್ಕಾರ ಉರುಳುತ್ತದೆ, ತಂದೆಗೆ ಮರಣದಂಡನೆಯಾಗುತ್ತದೆ. ಲಂಡನ್ನಿಗೆ ಬಂದು, ಕೊನೆಗೆ ಅವಳು ಬೇರೆಯವರ ಮನೆಗೆಲಸಕ್ಕೆ ನಿಲ್ಲುತ್ತಾಳೆ. ಆಸರೆ ಸಿಗುವುದು ಮಸೀದಿಗೆ ಬರುವ ಹೆಂಗಸರ ನಡುವೆ. ಜಾಡು ಇಲ್ಲಿ ತಿರುಗುಮುರುಗಾಗಿದೆ. ಹಾಗೆಂದು ಲೇಖಕಿ ಅವಳನ್ನು ಸಂತಳನ್ನಾಗಿ ಮಾಡುವುದಿಲ್ಲ. ತಾನು ಪ್ರೀತಿಸಿದ ಹುಡುಗನಿಂದ ದೂರವಾಗಲು ಅವನ ತಾಯಿ ಕೊಡುವ ಹಣವನ್ನು ನಜ್ವಾ ಹಜ್ ಯಾತ್ರೆಗೆಂದು ಸ್ವೀಕರಿಸುತ್ತಾಳೆ. ಇದು ಭಕ್ತಿಯೋ, ಸೋಲೋ, ವ್ಯವಹಾರವೋ? ಮೂರೂ ಇರಬಹುದು. ನಮಾಜನ್ನು ತೆಗೆದುಹಾಕಿ ಈ ಹೆಣ್ಣನ್ನು ಬರೆಯಲು ಪ್ರಯತ್ನಿಸಿ. ಅವಳ ದುಃಖವೂ ಆಸೆಯೂ ಅದರ ಜೊತೆಗೇ ಹೊರಟುಹೋಗುತ್ತವೆ.

ಕಾಮಿಕ್ಸ್ ಲೋಕದ ಸೂಪರ್‌ಹೀರೋ ಕಮಲಾ ಖಾನ್‌ಳನ್ನು ನೀವು ‘ಕೋಟಾ ತುಂಬಲು ಬಂದವಳು’ ಎಂದಿದ್ದೀರಿ. ಆ ಮಾತು ಅನ್ಯಾಯದ್ದು. 2014ರಲ್ಲಿ ಸ್ವಂತ ಸರಣಿ ಪಡೆದ ಈಕೆ ನ್ಯೂಜೆರ್ಸಿಯ ಪಾಕಿಸ್ತಾನಿ ಮೂಲದ ಹುಡುಗಿ. ಬೇಕಾದ ರೂಪ ತಾಳುವ ಶಕ್ತಿ ಬಂದೊಡನೆ ಆಕೆ ತಾಳುವುದು ಹೊಂಬಣ್ಣದ ಕೂದಲಿನ ಬಿಳಿಯ ನಾಯಕಿಯ ರೂಪವನ್ನು. ತನ್ನದೇ ಮುಖದಲ್ಲಿ ಹೋರಾಡಬಹುದೆಂದು ತಿಳಿಯಲು ಆಕೆಗೆ ಸಮಯ ಹಿಡಿಯುತ್ತದೆ. ಎರಡು ಸಂಸ್ಕೃತಿಗಳ ನಡುವೆ ಬೆಳೆದ ಮಕ್ಕಳ ಮನಸ್ಸನ್ನು ಇಷ್ಟು ನೇರವಾಗಿ ಹಿಡಿದ ಜನಪ್ರಿಯ ಕಥೆಗಳು ವಿರಳ. ಬೈಯುತ್ತಾರೆಂದು ಹೆದರುತ್ತಲೇ ಕಮಲಾ ಹೋದಾಗ ಮಸೀದಿಯ ಧರ್ಮಗುರು ಶೇಖ್, ಜನರಿಗೆ ನೆರವಾಗಲೇಬೇಕೆಂದಿದ್ದರೆ ಒಳ್ಳೆಯ ಗುರುವನ್ನು ಹುಡುಕಿಕೋ ಎನ್ನುವ ದೃಶ್ಯ ನನಗೆ ಬಹಳ ಇಷ್ಟ.

ಹಾಗೆಂದು ‘ಒಳ್ಳೆಯ ಮುಸ್ಲಿಂ’ ಪಾತ್ರಗಳನ್ನಷ್ಟೇ ಕೇಳುತ್ತಿಲ್ಲ. ನಟ ರಿಜ್ ಅಹ್ಮದ್ 2017ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಮಾಡಿದ ಭಾಷಣದಿಂದ ಪ್ರೇರಿತರಾದವರು ಮುಸ್ಲಿಂ ಪಾತ್ರಗಳ ಚಿತ್ರಣವನ್ನು ಪರೀಕ್ಷಿಸಲು ‘ರಿಜ್ ಟೆಸ್ಟ್’ ಎಂಬ ಐದು ಪ್ರಶ್ನೆಗಳನ್ನು ರೂಪಿಸಿದರು; ಒಂದಕ್ಕೆ ‘ಹೌದು’ ಎಂದರೂ ಅನುತ್ತೀರ್ಣ. ಪಾತ್ರಕ್ಕೆ ಭಯೋತ್ಪಾದನೆಯ ನಂಟಿದೆಯೇ ಎಂಬುದು ಅವುಗಳಲ್ಲೊಂದು. ಸಿನಿಮಾಗಳಿಗಾಗಿ ಮಾಡಿದ ಈ ಪರೀಕ್ಷೆಯನ್ನು ಕಮೀಲಾ ಶಂಸಿಯ ‘ಹೋಮ್ ಫೈರ್’ ಕಾದಂಬರಿಗೆ ಒಡ್ಡಿದರೆ ಅದು ಅನುತ್ತೀರ್ಣ! ಅದರ ಹುಡುಗನೊಬ್ಬ ಐಸಿಸ್ ಸೇರುತ್ತಾನೆ. ಆದರೆ ಅವನ ಶವವನ್ನು ಮನೆಗೆ ತರಲು ಹಟ ಹಿಡಿಯುವ ಅವಳಿ ಸೋದರಿ, ಪೌರತ್ವ ಕಿತ್ತುಕೊಂಡು ಅದನ್ನು ತಡೆಯುವ ಮುಸ್ಲಿಂ ಮೂಲದ ಗೃಹಸಚಿವ, ಧರ್ಮನಿಷ್ಠೆಯ ಅಕ್ಕ, ಇವರೆಲ್ಲ ಒಂದೇ ಸಮುದಾಯದವರು, ಒಬ್ಬರಂತೆ ಇನ್ನೊಬ್ಬರಿಲ್ಲ. ಮಹಿಳೆಯರ ಇಂಗ್ಲಿಷ್ ಕಾದಂಬರಿಗೆ ಕೊಡುವ ವಿಮೆನ್ಸ್ ಪ್ರೈಜ್ 2018ರಲ್ಲಿ ಈ ಕೃತಿಗೆ ಸಂದಿತು. ಟೆಸ್ಟ್ ಸೋಮಾರಿ ಚಿತ್ರಕಥೆಯನ್ನು ಹಿಡಿದುಕೊಡುತ್ತದೆ, ಅಷ್ಟಕ್ಕೆ ಅದು ಬೇಕು. ಸಾಹಿತ್ಯವನ್ನು ಅಳೆಯಲು ಸಾಲದು.

ಮುಸ್ಲಿಮರ ಕಥೆಯನ್ನು ಮುಸ್ಲಿಮರೇ ಬರೆಯಬೇಕೇ ಎಂದು ಪತ್ರದ ಕೊನೆಗೆ ಕೇಳಿದ್ದೀರಿ. ಇಲ್ಲ. ಯಾರು ಬೇಕಾದರೂ ಬರೆಯಬಹುದು. ಆದರೆ ಉಪವಾಸದ ದಿನ ಆ ಪಾತ್ರದ ಮನಸ್ಸು ಎಲ್ಲೆಲ್ಲಿ ಅಲೆಯುತ್ತದೆ, ನಮಾಜು ತಪ್ಪಿದ ಸಂಜೆ ಅದಕ್ಕೆ ಏನನ್ನಿಸುತ್ತದೆ, ಅಥವಾ ಏನೂ ಅನ್ನಿಸುವುದಿಲ್ಲವೇ ಎಂಬುದು ಬರೆಯುವವರಿಗೆ ಗೊತ್ತಿರಬೇಕು. ಅದನ್ನು ತಿಳಿಯದೆ ಗಡ್ಡ, ಅತ್ತರು, ಅಲ್ಲಿಲ್ಲಿ ಒಂದು ಉರ್ದು ಪದ ಸೇರಿಸಿ ಕಳಿಸುವ ಕಥೆಗಳನ್ನು ನಾವು ಮುಂದೆಯೂ ಹಿಂದಿರುಗಿಸುತ್ತೇವೆ, ಬರೆದವರು ಯಾರೇ ಆಗಿರಲಿ.

— ಸಂಪಾದಕ