2011ರ ಮಾಡೆಲ್ ದೊಡ್ಡ ಡೀಸೆಲ್ ಎಸ್‌ಯುವಿ ತಗೊಂಡರೆ ರಿಪೇರಿಗೆ ಎಷ್ಟು ಎತ್ತಿಡಬೇಕು?

ನೀವು ನೋಡಿ ಬಂದಿರೋದು 2011ರ ಏಳು ಸೀಟಿನ ಗಾಡಿ, 1,80,000 ಕಿ.ಮೀ. ಓಡಿದೆ, 4 ಲಕ್ಷ ಹೇಳ್ತಿದ್ದಾರೆ. ಎಂಜಿನ್ ಬೋರಿಗೆ ಬಂದಿದ್ದರೆ, ಅಂದರೆ ಸಿಲಿಂಡರ್ ಸವೆದು ಪೂರ್ತಿ ಬಿಚ್ಚಿ ಕೆಲಸ ಮಾಡಿಸೋ ಹಾಗಿದ್ದರೆ ಗತಿಯೇನು ಅನ್ನೋದು ನಿಮ್ಮ ಭಯ. ಅದೇ ಕಾಲದ, ಅದೇ ಗಾತ್ರದ ಗಾಡಿಯೊಂದನ್ನ ನಾನು ಏಳು ವರ್ಷದಿಂದ ಇಟ್ಟುಕೊಂಡಿದ್ದೀನಿ. ಕಂಪನಿ ಹೆಸರು ಹೇಳಲ್ಲ, ಹೇಳಿದರೆ ಅಭಿಮಾನಿಗಳ ಜಗಳ ಶುರುವಾಗುತ್ತೆ. ಛಾಸಿ (ಅಡಿಯ ಕಬ್ಬಿಣದ ಚೌಕಟ್ಟು) ಮೇಲೆ ಬಾಡಿ ಕೂರಿಸಿದ ಈ ವಯಸ್ಸಿನ ಡೀಸೆಲ್ ಗಾಡಿಗಳ ಕಾಯಿಲೆಗಳು ಹೇಗಿದ್ದರೂ ಹೆಚ್ಚುಕಡಿಮೆ ಒಂದೇ.

ಎಂಜಿನ್ನಿಗೆ ಅಷ್ಟು ಹೆದರಬೇಡಿ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿದ್ದರೆ ಇವು 3 ಲಕ್ಷ ಕಿ.ಮೀ. ದಾಟಿದ್ದನ್ನ ಕಂಡಿದ್ದೀನಿ. ಹೆದರಬೇಕಾದ್ದು ರಬ್ಬರಿಗೆ. ಹೋಸ್, ಬುಷ್ (ಜೋಡಣೆಗಳ ಮಧ್ಯದ ರಬ್ಬರ್ ಬಳೆ), ಆಯಿಲ್ ಸೀಲ್, ಎಂಜಿನ್ ಮೌಂಟಿಂಗ್, ಬೆಲ್ಟ್ ಎಲ್ಲ ಬಿಸಿಗೆ, ವಯಸ್ಸಿಗೆ ಒಣಗಿ ಬಿರುಕು ಬಿಡ್ತವೆ, ಗಾಡಿ ಓಡಿದರೂ ಅಷ್ಟೇ, ಶೆಡ್ಡಲ್ಲಿ ನಿಂತಿದ್ದರೂ ಅಷ್ಟೇ. ಹಾಗಾಗಿ "ಕಮ್ಮಿ ಓಡಿದೆ ಸಾರ್" ಅನ್ನೋ ಮಾತಿಗೆ ಜಾಸ್ತಿ ದುಡ್ಡು ಕೊಡಬೇಡಿ.

ಇದನ್ನ ನಾನು ಕಲಿತದ್ದು ಚಾರ್ಮಾಡಿಯಲ್ಲಿ. ಧರ್ಮಸ್ಥಳ ಮುಗಿಸಿ ಘಾಟಿ ಹತ್ತುತ್ತಿದ್ದೆವು, ಅಮ್ಮ, ಮಕ್ಕಳು, ಲಗೇಜು ಎಲ್ಲ ತುಂಬಿತ್ತು. ಟೆಂಪರೇಚರ್ ಮುಳ್ಳು ಯಾವಾಗಲೂ ಅರ್ಧದಲ್ಲಿ ನಿಲ್ಲೋದು, ಅವತ್ತು ಮುಕ್ಕಾಲಿಗೆ ಬಂತು. ಕೊಟ್ಟಿಗೆಹಾರ ಇನ್ನು ಮೂರು ಕಿ.ಮೀ., ಅಲ್ಲಿ ನೀರುದೋಸೆ ತಿನ್ನುವಷ್ಟರಲ್ಲಿ ಗಾಡಿ ತಣ್ಣಗಾಗುತ್ತೆ ಅಂದುಕೊಂಡು ಹೊಡೆದೆ. ಒಂದೇ ತಿರುವು ಬಾಕಿ ಇದ್ದಾಗ ಬಾನೆಟ್ ಸಂದಿಯಿಂದ ಹಬೆ ಎದ್ದಿತು. ರೇಡಿಯೇಟರಿನ ಮೇಲಿನ ಹೋಸು, ಕ್ಲಿಪ್ ಕೂರುವ ಜಾಗದಲ್ಲಿ ಉಗುರಿನಷ್ಟು ಸೀಳಿತ್ತು, ಅಷ್ಟೇ. ಹೋಸಿನ ಬೆಲೆ 850 ರೂಪಾಯಿ.

ಎರಡು ದಿನ ಬಿಟ್ಟು ಗ್ಯಾರೇಜಿಗೆ ಹೋದಾಗ ಮೇಸ್ತ್ರಿ ಬಿಚ್ಚಿದ ಹೆಡ್ಡಿನ (ಎಂಜಿನ್ನಿನ ಮೇಲ್ಭಾಗದ) ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ, ಆ ಕಡೆಯಿಂದ ಟಾರ್ಚ್ ಬಿಟ್ಟರು. "ನೋಡಿ ಅಣ್ಣಾ, ಬೆಳಕು ತೂರ್ತಿದೆ. ತೂರಬಾರದು." ಹೆಡ್ ಸೊಟ್ಟಗಾಗಿತ್ತು. ಲೇತಲ್ಲಿ ಫೇಸಿಂಗು, ಗ್ಯಾಸ್ಕೆಟ್ಟು, ಹೊಸ ಹೆಡ್ ಬೋಲ್ಟು, ವಾಟರ್ ಪಂಪು, ಕೂಲಿ, ಟೋಯಿಂಗು ಸೇರಿ 51,000. ಮುಳ್ಳು ಏರಿದ ತಕ್ಷಣ ಎಂಜಿನ್ ಆಫ್ ಮಾಡಿ ನಿಂತಿದ್ದರೆ ಹೋಸಿನ ದುಡ್ಡಲ್ಲೇ ಮುಗಿಯೋದು.

ಅದಕ್ಕೆ, ಗಾಡಿ ತಗೊಂಡ ವಾರದಲ್ಲೇ ಎಲ್ಲ ಹೋಸು, ಥರ್ಮೋಸ್ಟಾಟ್, ಫ್ಯಾನ್ ಬೆಲ್ಟ್ ಹೊಸದು ಹಾಕಿಸಿ, ಕೂಲೆಂಟ್ ಪೂರ್ತಿ ಬದಲಾಯಿಸಿ. 12ರಿಂದ 15 ಸಾವಿರ ಆಗಬಹುದು. ನಲ್ಲಿ ನೀರು ಹಾಕಿ ಓಡಿಸಿರುವ ಗಾಡಿಯಾದರೆ ರೇಡಿಯೇಟರ್ ಕ್ಯಾಪ್ ಒಳಗೆ ಕೆಂಪು ತುಕ್ಕು ಕಾಣುತ್ತೆ, ಆಗ ರೇಡಿಯೇಟರಿಗೂ ಲೆಕ್ಕ ಹಿಡಿಯಿರಿ. ಆ ಎಂಜಿನ್ನಲ್ಲಿ ವಾಲ್ವು, ಪಿಸ್ಟನ್ನು ತಾಳ ತಪ್ಪದಂತೆ ನೋಡಿಕೊಳ್ಳುವ ಟೈಮಿಂಗ್ ಚೈನ್ ಇದೆಯೋ ಬೆಲ್ಟ್ ಇದೆಯೋ ಮೊದಲೇ ಕೇಳಿಕೊಳ್ಳಿ. ಬೆಲ್ಟ್ ಆಗಿದ್ದು, ಬದಲಾಯಿಸಿದ ಬಿಲ್ ತೋರಿಸದಿದ್ದರೆ ಬದಲಾಯಿಸಿಲ್ಲ ಅಂತಲೇ ಇಟ್ಟುಕೊಳ್ಳಿ. ಅದು ಕಿತ್ತರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತೆ, ಆಮೇಲಿನ ಬಿಲ್ಲು ಲಕ್ಷದ ಮಾತು.

ಇನ್ನು ಕ್ಲಚ್ಚು. ಬರೀ ಕ್ಲಚ್ ಸೆಟ್ ಆದರೆ ಕೂಲಿ ಸೇರಿ 15ರಿಂದ 20 ಸಾವಿರದಲ್ಲಿ ಮುಗಿಯುತ್ತೆ. ಆದರೆ ಕೆಲವು ಗಾಡಿಗಳಿಗೆ ಎರಡು ಪದರದ, ಮಧ್ಯ ಸ್ಪ್ರಿಂಗ್ ಇರುವ ಫ್ಲೈವೀಲ್ (ಕ್ಲಚ್ ಕೂರುವ ಭಾರದ ಚಕ್ರ) ಬರುತ್ತೆ, ಡ್ಯುಯಲ್ ಮಾಸ್ ಅಂತಾರೆ. ಅದೂ ಹೋಗಿದ್ದರೆ 50 ಸಾವಿರ ದಾಟಿತು ಅಂದುಕೊಳ್ಳಿ. ಎಂಜಿನ್ ಆಫ್ ಮಾಡುವಾಗ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಸದ್ದು ಬಂದರೆ ಅನುಮಾನ ಪಡಿ. ಏರಲ್ಲಿ ನಾಲ್ಕನೇ ಗೇರಿಗೆ ಹಾಕಿ ಪೂರ್ತಿ ಆಕ್ಸಿಲರೇಟರ್ ಒತ್ತಿ ನೋಡಿ. ಆರ್‌ಪಿಎಂ ಮಾತ್ರ ಏರಿ ಗಾಡಿ ಎಳೆಯದಿದ್ದರೆ ಕ್ಲಚ್ ಜಾರುತ್ತಿದೆ.

ಎಂಜಿನ್ನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ವಿಷಯದಲ್ಲಿ ಮೋಸ ಹೋಗೋರು ಜಾಸ್ತಿ. ಹೊಸದು ಒಂದಕ್ಕೆ 15ರಿಂದ 20 ಸಾವಿರ ಹೇಳ್ತಾರೆ, ನಾಲ್ಕೂ ಹಾಕಿಸಿ ಅಂತಾರೆ. ಒಪ್ಪಬೇಡಿ. ಡೀಸೆಲ್ ಪಂಪ್ ರಿಪೇರಿ ಅಂಗಡಿಗೆ ಹೋಗಿ ರಿಟರ್ನ್ ಟೆಸ್ಟ್ ಮಾಡಿ ಅನ್ನಿ. ನಾಲ್ಕು ಇಂಜೆಕ್ಟರಿಗೂ ಸಣ್ಣ ಪೈಪ್ ಸಿಕ್ಕಿಸಿ ನಾಲ್ಕು ಬಾಟಲಿಗೆ ಬಿಟ್ಟು ಎಂಜಿನ್ ಓಡಿಸ್ತಾರೆ. ಯಾವ ಬಾಟಲಿ ಬೇಗ ತುಂಬುತ್ತೋ ಆ ಇಂಜೆಕ್ಟರ್ ಸವೆದಿದೆ. ನನ್ನ ಗಾಡಿಯಲ್ಲಿ ಮೂರು ಬಾಟಲಿಯಲ್ಲಿ ಎರಡು ಬೆರಳು ಡೀಸೆಲ್ ಬಂದಾಗ ನಾಲ್ಕನೆಯದು ಕುತ್ತಿಗೆವರೆಗೂ ಬಂದಿತ್ತು. ಅದೊಂದನ್ನೇ 7,000ಕ್ಕೆ ರಿಪೇರಿ ಮಾಡಿಸಿದೆ, ನಾಲ್ಕು ವರ್ಷ ಆಯಿತು.

ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊ ಕೂಗು ಹಾಕ್ತಿದ್ದರೆ, ಅಥವಾ ಸೈಲೆನ್ಸರಿಂದ ನೀಲಿ ಹೊಗೆ ಬಂದರೆ ಒಳಗಿನ ಕೋರ್ ಮಾತ್ರ ಬದಲಾಯಿಸೋರು ಇದ್ದಾರೆ, 20 ಸಾವಿರದ ಆಸುಪಾಸು. ಎಂಜಿನ್ನಿನದೇ ತಪ್ಪಾ ನೋಡಬೇಕಂದರೆ, ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅದೇ ಬಾಯಿ ಮೇಲೆ ಸಡಿಲವಾಗಿ ಇಡಿ. ಸ್ವಲ್ಪ ಅಲ್ಲಾಡಿದರೆ ಸಹಜ. ಇಡ್ಲಿ ಪಾತ್ರೆ ಮುಚ್ಚಳದ ಹಾಗೆ ಕುಣಿದು ಬಿದ್ದು, ಹೊಗೆ ಬುಸುಬುಸು ಬಂದರೆ ಬ್ಯಾಕ್ ಕಂಪ್ರೆಷನ್, ಅಂದರೆ ಪಿಸ್ಟನ್ ಸುತ್ತ ಸವೆದು ಒಳಗಿನ ಗ್ಯಾಸು ಕೆಳಗೆ ನುಗ್ಗುತ್ತಿದೆ. ಅಂಥದನ್ನ ಫ್ರೀಯಾಗಿ ಕೊಟ್ಟರೂ ಬೇಡ.

ಮುಂದಿನ ಸಸ್ಪೆನ್ಷನ್ ಹೇಗೂ ಹೋಗಿರುತ್ತೆ, ನಮ್ಮ ಹಂಪುಗಳ ಕೃಪೆ. ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಲಿಂಕ್ ರಾಡ್, ನಾಲ್ಕು ಶಾಕ್ಸ್ ಎಲ್ಲ ಸೇರಿ 30 ಸಾವಿರ. ಶೋರೂಮಲ್ಲಿ ಇಡೀ ಆರ್ಮ್ ಬದಲಾಯಿಸಿ ಅಂದರೂ ಹೊರಗಿನ ಗ್ಯಾರೇಜಲ್ಲಿ ಬುಷ್ ಮಾತ್ರ ಪ್ರೆಸ್ ಮಾಡಿ ಕೊಡ್ತಾರೆ. ಟೈರಿನ ಬಟನ್ (ನೆಲಕ್ಕೆ ತಾಗುವ ಉಬ್ಬುಗಳು) ಚೆನ್ನಾಗಿದೆ ಅಂತ ಖುಷಿಪಡೋಕೆ ಮುಂಚೆ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ಓದಿ: 2316 ಅಂದರೆ 2016ರ 23ನೇ ವಾರ ತಯಾರಾದದ್ದು. ಅಷ್ಟು ಹಳೆಯದಾದರೆ ಇನ್ನೊಂದು 40 ಸಾವಿರ ಸೇರಿಸಿ. ಏಸಿ ಹಿಂದಿನ ಸೀಟಿಗೂ ಬರ್ತಿದೆಯಾ ನೋಡಿ, ಆ ಪೈಪು ನೆಲದಡಿ ಹೋಗೋದರಿಂದ ತುಕ್ಕು ಹಿಡಿದು ಲೀಕಾಗುತ್ತೆ. ಕರಾವಳಿ ಗಾಡಿಯಾದರೆ ಛಾಸಿಯನ್ನೇ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಅಡಿಯಲ್ಲಿ ಹೊಸದಾಗಿ ಕಪ್ಪು ಪೇಂಟ್ ಹೊಡೆದಿದ್ದರೆ ಇನ್ನೂ ಜೋರಾಗಿ ತಟ್ಟಿ.

ಸ್ಪೇರ್ಸ್ ಬಗ್ಗೆ ಒಂದು ಮಾತು. ಷೆವರ್ಲೆ ಇಲ್ಲಿ ಮಾರಾಟ ನಿಲ್ಲಿಸಿದ್ದು 2017ರಲ್ಲಿ, ಫೋರ್ಡ್ ಇಲ್ಲಿ ತಯಾರಿಕೆ ನಿಲ್ಲಿಸುತ್ತೇವೆ ಅಂದದ್ದು 2021ರಲ್ಲಿ. ಅಂಥ ಗಾಡಿಗಳಿಗೆ ಫಿಲ್ಟರ್, ಬ್ರೇಕ್ ಪ್ಯಾಡ್ ಎಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗಬಹುದು. ಸೆನ್ಸರ್, ಲೈಟು, ಬಾಗಿಲಿನ ಸಣ್ಣಪುಟ್ಟ ಭಾಗಗಳಿಗೆ ಶಿವಾಜಿನಗರದ ಗುಜರಿ ಅಲೆಯುವ ತಾಳ್ಮೆ ಇರಲಿ.

ಗಾಡಿಗಿಂತ ಮೊದಲು ಕಾಗದ ನೋಡಿ. ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ. 2011ರದ್ದು ಅಂದರೆ 2026ಕ್ಕೆ ಮುಗೀತು. ಆಮೇಲೆ ಆರ್‌ಟಿಒಗೆ ಒಯ್ದು ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಕಾರಿಗೆ ಆ ಶುಲ್ಕವನ್ನ 2022ರ ಏಪ್ರಿಲಿಂದ 600ರಿಂದ 5,000 ರೂಪಾಯಿಗೆ ಏರಿಸಿದರು, ಹಸಿರು ತೆರಿಗೆ ಬೇರೆ. ದೆಹಲಿ ನಂಬರಿನ ಗಾಡಿ ಅಗ್ಗಕ್ಕೆ ಸಿಗೋದು ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ಲಿಗೆ ನಿರ್ಬಂಧ ಬಂದದ್ದರಿಂದ. ಅದನ್ನ ಕೆಎ ನಂಬರಿಗೆ ತರುವಾಗ ಇಲ್ಲಿನ ತೆರಿಗೆ ಕಟ್ಟಬೇಕು, ಆಗ ಅಗ್ಗ ಎಲ್ಲಿ ಉಳಿಯಿತು?

ನನ್ನ ಲೆಕ್ಕದಲ್ಲಿ ಮೊದಲ ವರ್ಷಕ್ಕೆ ಒಂದೂಕಾಲು ಲಕ್ಷ ಬೇರೆ ಎತ್ತಿಡಿ, ಆಮೇಲೆ ಡೀಸೆಲ್, ಇನ್ಶೂರೆನ್ಸ್ ಬಿಟ್ಟು ವರ್ಷಕ್ಕೆ 40 ಸಾವಿರ. ಅಷ್ಟು ಎತ್ತಿಡೋಕೆ ಆಗದಿದ್ದರೆ ಸಣ್ಣ ಕಾರೇ ವಾಸಿ. ಆಗುತ್ತೆ ಅಂದರೆ ಇನ್ನೊಮ್ಮೆ ಹೋಗಿ, ಬೆಳಗ್ಗೆ ಏಳಕ್ಕೆ, "ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ" ಅಂತ ಹಿಂದಿನ ರಾತ್ರಿಯೇ ಫೋನ್ ಮಾಡಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ತಣ್ಣಗಿದ್ದು, ಒಂದೇ ಸಲ ಕೀ ತಿರುಗಿಸಿದ್ದಕ್ಕೆ ಹೊಗೆ ಇಲ್ಲದೆ ಸ್ಟಾರ್ಟ್ ಆದರೆ 3 ಲಕ್ಷದ 30 ಸಾವಿರದಿಂದ ಮಾತು ಶುರು ಮಾಡಿ.